ಕಾಫಿ ಸೀಮೆಯ ಬಸುರಿಯರಿಗೆ ಊಟದ ಹೊತ್ತುಗೊತ್ತು

ಮೂಡಿಗೆರೆ ಕಡೆ ಬಸುರಿ ಹೆಂಗಸರ ಮನೆಗೆ ಹೋದರೆ ನಾನು ಮೊದಲು ಕೇಳುವುದು ಕಾಫಿ ಎಷ್ಟು ಸಲ, ಎಷ್ಟು ಹೊತ್ತಿಗೆ ಅಂತ. ಊಟಕ್ಕೆ ಕೊರತೆಯಿಲ್ಲದ ಮನೆಯಲ್ಲೂ ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9, 9.5 ಅಂತ ಬರೆದಿರುತ್ತದೆ, 11 ಇರಬೇಕು. ಕಬ್ಬಿಣದ ಮಾತ್ರೆ ತಗೊಂಡಿದ್ದೀನಿ ಅನ್ನುತ್ತಾರೆ, ಸುಳ್ಳೇನಲ್ಲ. ರೊಟ್ಟಿ ತಿಂದು, ಮಾತ್ರೆ ನುಂಗಿ, ಮೇಲೊಂದು ಲೋಟ ಕಾಫಿ ಕುಡಿದಿರುತ್ತಾರೆ ಅಷ್ಟೆ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಕರುಳಿನಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರಲು ಬಿಡುವುದಿಲ್ಲ.

ಹಾಗಾಗಿ ಏನು ತಿನ್ನಬೇಕು ಅನ್ನುವುದಕ್ಕಿಂತ ಮುಂಚೆ ಹೊತ್ತು ಸರಿಮಾಡಿಸುತ್ತೇನೆ. ಎದ್ದ ಕೂಡಲೇ ಕುಡಿಯುವ ಕಾಫಿ ಇರಲಿ. ಅದನ್ನು ಬಿಡಿಸಲು ಹೋದರೆ ನನ್ನ ಮಾತನ್ನೇ ಬಿಟ್ಟುಬಿಡುತ್ತಾರೆ. ವಾಕರಿಕೆ ಇರುವವರು ಅದಕ್ಕೂ ಮುಂಚೆ ಹಾಸಿಗೆಯಲ್ಲೇ ಒಂದು ಹಿಡಿ ಹುರಿಗಡಲೆಯೋ ಮಂಡಕ್ಕಿಯೋ ತಿನ್ನಬೇಕು. ಕಾಫಿಯಾಗಿ ಒಂದು ಗಂಟೆ ಬಿಟ್ಟು ತಿಂಡಿ. ಕ್ಯಾಲ್ಸಿಯಂ ಮಾತ್ರೆ ತಿಂಡಿಯ ಜೊತೆ ಒಂದು, ಮಧ್ಯಾಹ್ನದ ಊಟದ ಜೊತೆ ಒಂದು. ಎರಡನೇ ಕಾಫಿ ಸಂಜೆ ನಾಲ್ಕಕ್ಕೆ, ಅಲ್ಲಿಗೆ ಆ ದಿನದ್ದು ಮುಗಿಯಿತು. ರಾತ್ರಿ ಊಟ ಏಳೂವರೆಗೆ ಆದರೆ ಒಂಬತ್ತೂವರೆಗೆ ಕೆಂಪು ಮಾತ್ರೆ, ಅರ್ಧ ಹೋಳು ನಿಂಬೆ ಹಿಂಡಿದ ನೀರಿನಲ್ಲಿ. ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ. ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುವುದರಿಂದ ಎರಡರ ನಡುವೆ ಎರಡು ಗಂಟೆಯಾದರೂ ಇರಲೇಬೇಕು. ಅತ್ತೆಯಂದಿರು ಪ್ರೀತಿಯಿಂದ ಮಲಗುವ ಹೊತ್ತಿಗೆ ಕೊಡುವ ಕೇಸರಿ ಹಾಲು ತೊಡಕಾಗುವುದು ಇಲ್ಲೇ. ಬೇಡ ಅಂದರೆ ಅವರಿಗೆ ಬೇಜಾರು. 'ಅಮ್ಮಾ, ಅದನ್ನೇ ಬೆಳಗ್ಗೆ ಹನ್ನೊಂದಕ್ಕೆ ಕೊಡಿ' ಅಂದರೆ ಒಪ್ಪುತ್ತಾರೆ.

ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು. ತೋಟದ ಮನೆಗಳಲ್ಲಿ ಸ್ವಂತ ರೊಬಸ್ಟಾ ಬೀಜವನ್ನೇ ಹುರಿದು ಪುಡಿ ಮಾಡಿಕೊಳ್ಳುವುದುಂಟು. ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಅಂಥವರಿಗೆ ದೊಡ್ಡ ಲೋಟದ ಬದಲು ಸಣ್ಣ ಲೋಟ, ತೆಳು ಡಿಕಾಕ್ಷನ್. ಬೆಲ್ಲದ ಕಾಫಿ ಕುಡಿದರೆ ಕಬ್ಬಿಣ ಸಿಗುತ್ತದೆ ಅನ್ನುವ ನಂಬಿಕೆಯೂ ಇದೆ. ಬೆಲ್ಲದಲ್ಲಿರುವ ಅಷ್ಟಿಷ್ಟನ್ನು ಆ ಕಾಫಿಯೇ ತಡೆಯುತ್ತದೆ.

ಇನ್ನು ಅಡುಗೆ. ನಮ್ಮ ಬಸ್ಸಾರು ಬಸುರಿಯರಿಗೆಂದೇ ಮಾಡಿದಂತಿದೆ: ಸೊಪ್ಪು, ಕಾಳು ಬೇಯಿಸಿದ ನೀರಿಗೆ ಇಳಿದ ಫೋಲೇಟ್ (ರಕ್ತವಾಗಲು ಬೇಕಾದ ಒಂದು ವಿಟಮಿನ್) ಸಾರಿನಲ್ಲೇ ಉಳಿಯುತ್ತದೆ. ಪಲ್ಯಕ್ಕೆ ಬೇಯಿಸಿ ನೀರು ಚೆಲ್ಲಿದರೆ ಅದೂ ಚರಂಡಿ ಪಾಲು. ಒಬ್ಬರಿಗೆ ಎರಡು ದೊಡ್ಡ ಹಿಡಿ ದಂಟಿನ ಸೊಪ್ಪೋ ನುಗ್ಗೆ ಸೊಪ್ಪೋ, ಜೊತೆಗೆ ಒಂದು ಹಿಡಿ ಮೊಳಕೆ ಹುರುಳಿ. ಹುರುಳಿಯನ್ನು ರಾತ್ರಿಯೆಲ್ಲ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟರೆ ಒಂದೂವರೆ ದಿನದಲ್ಲಿ ಮೊಳಕೆ ಬರುತ್ತದೆ. ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಮ್ಮಿಯಾಗುತ್ತದೆ. ಮಳೆಗಾಲದಲ್ಲಿ ನೆಲದ ಥಂಡಿಗೆ ಗಂಟು ಲೋಳೆ ಕಟ್ಟುತ್ತದೆ, ಹುಳಿ ವಾಸನೆ ಬರುತ್ತದೆ. ಅಂಥದ್ದನ್ನು ತೊಳೆದು ಬಳಸಬೇಡಿ, ಎಸೆಯಿರಿ. ಒಲೆ ಗೂಡಿನ ಹತ್ತಿರ ನೇತುಹಾಕಿ, ದಿನಕ್ಕೆರಡು ಸಲ ತೊಳೆದು ಮತ್ತೆ ಕಟ್ಟಿದರೆ ಸರಿಹೋಗುತ್ತದೆ. ಮೊಳಕೆ ರಾಗಿ ಹಿಟ್ಟನ್ನು ಮಾತ್ರ ಬಿಸಿಲಿರುವ ತಿಂಗಳಲ್ಲೇ ಮಾಡಿಕೊಳ್ಳಿ. ಆಷಾಢದಲ್ಲಿ ಒಣಗದೆ ಬೂಸ್ಟು ಹಿಡಿದ ರಾಗಿಗಿಂತ ಸಾದಾ ಮುದ್ದೆಯೇ ಮೇಲು. ದಿನಕ್ಕೊಂದು ಮೊಟ್ಟೆ, ಪೂರ್ತಿ ಬೆಂದದ್ದು. ಅಂಗನವಾಡಿ ಹತ್ತಿರವಿದ್ದರೆ ಬಸುರಿ, ಬಾಣಂತಿಯರಿಗೆ ಬಿಸಿಯೂಟ ಕೊಡಲು 2017ರಿಂದ ಇರುವ ಮಾತೃಪೂರ್ಣ ಯೋಜನೆಯ ಊಟ ಬಿಡಬೇಡಿ.

ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಗುತ್ತದೆ, ಹೆದರಬೇಕಾಗಿಲ್ಲ. ಮಲಬದ್ಧತೆಗೆ ಸೀಬೆಹಣ್ಣು ಮತ್ತು ನೀರು. ಹೊಟ್ಟೆ ತೊಳಸಿದರೆ ಮಾತ್ರೆ ನಿಲ್ಲಿಸದೆ ಊಟವಾದ ಕೂಡಲೇ ತಗೊಳ್ಳಿ. ಸ್ವಲ್ಪ ಕಮ್ಮಿ ಹಿಡಿದರೂ ನಿಲ್ಲಿಸುವುದಕ್ಕಿಂತ ವಾಸಿ. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆಯನ್ನು ಬಯಕೆ ಅಂತ ನಕ್ಕು ಬಿಡಬೇಡಿ. ಬಹಳ ಸಲ ಅದು ರಕ್ತಹೀನತೆಯ ಗುರುತು.

ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಅದು ಅಡುಗೆಮನೆಯಲ್ಲಿ ಸರಿಹೋಗುವಂಥದ್ದಲ್ಲ, ಅವತ್ತೇ ಆಸ್ಪತ್ರೆಗೆ. ಉಳಿದವರು ತಿಂಗಳು ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಒಂದು ಗ್ರಾಂ ಆದರೂ ಏರಿರಬೇಕು. ಏರದಿದ್ದರೆ ಜಂತುಹುಳು ಮಾತ್ರೆ ತಗೊಂಡಿದ್ದೀರಾ ಅಂತ ಕೇಳುತ್ತೇನೆ: ನಾಲ್ಕನೇ ತಿಂಗಳ ನಂತರ ಅಲ್ಬೆಂಡಜೋಲ್ 400 ಮಿಲಿಗ್ರಾಂ, ಒಂದೇ ಸಲ. ಒದ್ದೆ ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಪಾದದಿಂದಲೇ ಒಳಸೇರಿ, ಕರುಳಿನಲ್ಲಿ ರಕ್ತ ಹೀರುತ್ತದೆ. ಆ ಮಾತ್ರೆಯೂ ಆಗಿದ್ದರೆ ತಾಯಿ ಕಾರ್ಡ್ ಹಿಡಿದು ಡಾಕ್ಟರ ಹತ್ತಿರ ಹೋಗಿ, ಚಪ್ಪಲಿ ಹಾಕಿಕೊಂಡು.