ಸ್ಟೀರಿಂಗ್ ಹಿಡಿದಿದ್ದು ಯಾರು? ಸ್ಪೀಡಿಂಗ್ ನೋಟಿಸ್ ಬಂದಾಗ ನಾವು ಉತ್ತರ ಹುಡುಕಿದ ಬಗೆ

ಬುಧವಾರ ಸಂಜೆ ಕೆಲಸ ಮುಗಿಸಿ ಬಂದು ಬಾಗಿಲು ತೆಗೆದರೆ ಚಾಪೆಯ ಮೇಲೆ ಒಂದು ಬಿಳಿ ಲಕೋಟೆ ಬಿದ್ದಿತ್ತು. ಮೇಲೆ ನನ್ನ ಹೆಸರು. ಕರೆಂಟ್ ಬಿಲ್ ಇರಬೇಕು ಅಂದುಕೊಂಡು ಅಡುಗೆಮನೆಯಲ್ಲೇ ನಿಂತು ಒಡೆದೆ. ಒಳಗೆ ಪೊಲೀಸ್ ನೋಟಿಸ್. ಒಂಬತ್ತು ದಿನದ ಹಿಂದೆ, ಮೇ ತಿಂಗಳ ಬ್ಯಾಂಕ್ ಹಾಲಿಡೇ (ಸಾರ್ವಜನಿಕ ರಜೆ) ಸೋಮವಾರ, ಮಧ್ಯಾಹ್ನ 3 ಗಂಟೆ 42 ನಿಮಿಷಕ್ಕೆ ನಮ್ಮ ಕಾರು 30 ಮೈಲಿ ಮಿತಿಯ ರಸ್ತೆಯಲ್ಲಿ 37 ಮೈಲಿ ವೇಗದಲ್ಲಿ ಹೋಗಿದೆ. ಓಡಿಸಿದವರು ಯಾರು, ತಿಳಿಸಿ.

ನಾವು ಇರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಆ ಸೋಮವಾರ ಮಾಲ್ವರ್ನ್ ಬೆಟ್ಟಗಳನ್ನು ನೋಡಿಕೊಂಡು ಎ44 ರಸ್ತೆಯಲ್ಲಿ ವಾಪಸ್ ಬರುತ್ತಿದ್ದೆವು. ಈವ್‌ಶಮ್, ಬ್ರಾಡ್‌ವೇ, ಮೋರ್ಟನ್, ಚಿಪ್ಪಿಂಗ್ ನಾರ್ಟನ್, ಆಮೇಲೆ ಆಕ್ಸ್‌ಫರ್ಡ್. ದಾರಿಯಲ್ಲಿ ನಾನೂ ನಮ್ಮ ಮನೆಯವರೂ ಎರಡು ಸಲ ಸೀಟು ಬದಲಾಯಿಸಿದ್ದೆವು. ಮಗಳಿಗೆ ವಾಂತಿ ಬಂದಾಗ ಒಂದು ಸಲ, ಕಾಫಿಗೆ ನಿಲ್ಲಿಸಿದಾಗ ಇನ್ನೊಂದು ಸಲ. ಕ್ಯಾಮೆರಾಕ್ಕೆ ಸಿಕ್ಕಿದಾಗ ಯಾರು ಓಡಿಸುತ್ತಿದ್ದೆವು?

ನಾನು ಹೇಳಿದೆ, "ರೀ, ಕಾಫಿ ಕುಡಿದ ಮೇಲೆ ನಾನೇ ತಗೊಂಡೆ ಅನ್ಸುತ್ತೆ." ಅವರು, "ಇಲ್ಲ ಕಣೆ, ನೀನು ಹಿಂದೆ ಕೂತು ಮಗುಗೆ ಬಟ್ಟೆ ಬದಲಾಯಿಸ್ತಿದ್ದೆ, ನಾನೇ ಓಡಿಸಿದ್ದು" ಅಂದರು. ಇಬ್ಬರಿಗೂ ನಮ್ಮ ನಮ್ಮ ನೆನಪು ಗಟ್ಟಿ. ಇಬ್ಬರೂ ಪ್ರಾಮಾಣಿಕವಾಗಿಯೇ ಹೇಳುತ್ತಿದ್ದೆವು. ನಾವಿಬ್ಬರೂ ಹೆದರಿದ್ದು ಅದಕ್ಕೇ.

ಬೆಂಗಳೂರಿನಲ್ಲಾಗಿದ್ದರೆ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅಲ್ಲಿ ಚಲನ್ ಬರುವುದು ಗಾಡಿ ನಂಬರಿಗೆ. ದುಡ್ಡು ಕಟ್ಟಿದರೆ ಮುಗಿಯಿತು. 2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲು ನಿಂತು ಕಟ್ಟಿದರು ನೋಡಿ, ಆಗಲೂ ಗಾಡಿ ಯಾರ ಕೈಯಲ್ಲಿತ್ತು ಅಂತ ಕೇಳಿದವರು ಕಡಿಮೆ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 133 ಪ್ರಕಾರ ಪೊಲೀಸರು ಕೇಳಿದರೆ ಮಾಲೀಕರು ಚಾಲಕನ ವಿವರ ಕೊಡಲೇಬೇಕು. ಆದರೆ ದಿನನಿತ್ಯದ ಚಲನ್‌ಗಳಲ್ಲಿ ಅದು ನಮ್ಮ ಅನುಭವಕ್ಕೆ ಬರುವುದೇ ಇಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ದಂಡದ ಜೊತೆ ಲೈಸೆನ್ಸ್ ಮೇಲೆ ಪಾಯಿಂಟ್, ಅಂದರೆ ತಪ್ಪಿನ ಅಂಕ, ಬೀಳುತ್ತದೆ. ಪಾಯಿಂಟ್ ಬೀಳುವುದು ಮನುಷ್ಯರ ಮೇಲೆ, ಗಾಡಿಯ ಮೇಲಲ್ಲ. ಅದಕ್ಕೇ ಚಾಲಕರು ಯಾರು ಅನ್ನುವ ಪ್ರಶ್ನೆಗೆ ಇಲ್ಲಿ ಅಷ್ಟು ತೂಕ.

ಆ ಲಕೋಟೆಯಲ್ಲಿ ಎರಡು ವಿಷಯ ಒಟ್ಟಿಗೆ ಇರುತ್ತವೆ. ಒಂದು, ನಿಮ್ಮ ಮೇಲೆ ಕೇಸ್ ಹಾಕುವ ಯೋಚನೆ ಇದೆ ಅನ್ನುವ ಮುನ್ಸೂಚನೆ. ಇದು ತಪ್ಪು ನಡೆದ 14 ದಿನದೊಳಗೆ ರಿಜಿಸ್ಟರ್ಡ್ ಕೀಪರ್, ಅಂದರೆ ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರ ಕೈ ಸೇರಬೇಕು. ನಮ್ಮದು ಒಂಬತ್ತನೇ ದಿನ ಬಂದಿತ್ತು, ಹಾಗಾಗಿ ಅಲ್ಲಿ ಹೇಳುವುದಕ್ಕೇನೂ ಇರಲಿಲ್ಲ. (ಲೀಸ್ ಕಾರು ಆಗಿದ್ದರೆ ಮೊದಲ ನೋಟಿಸ್ ಕಂಪನಿಗೆ ಹೋಗುತ್ತದೆ. ನಿಮಗೆ ತಡವಾಗಿ ಬಂತು ಅನ್ನುವುದಷ್ಟರಿಂದಲೇ ತಪ್ಪಿಸಿಕೊಳ್ಳಲು ಆಗುವುದಿಲ್ಲ.) ಎರಡನೆಯದು ಇಲ್ಲಿನ 1988ರ ರೋಡ್ ಟ್ರಾಫಿಕ್ ಆ್ಯಕ್ಟಿನ ಸೆಕ್ಷನ್ 172. ಚಾಲಕರ ಹೆಸರನ್ನು 28 ದಿನದೊಳಗೆ ಬರೆದು, ಸಹಿ ಹಾಕಿ ಕಳಿಸಬೇಕು. ಸಹಿ ಇಲ್ಲದ ಕಾಗದ ಕಳಿಸಿದರೆ ಕಳಿಸದ ಹಾಗೆಯೇ ಲೆಕ್ಕ.

ನನಗೆ ಗಾಬರಿಯಾಗಿದ್ದು ಮುಂದಿನ ಸಾಲು ಓದಿ. ಸ್ಪೀಡಿಂಗ್‌ಗೆ ಸಾಮಾನ್ಯವಾಗಿ 100 ಪೌಂಡ್ ದಂಡ, 3 ಪಾಯಿಂಟ್. ಚಾಲಕರ ಹೆಸರು ಹೇಳದಿದ್ದರೆ 6 ಪಾಯಿಂಟ್, 1,000 ಪೌಂಡ್‌ವರೆಗೆ ದಂಡ. ಲೈಸೆನ್ಸ್ ದಾಖಲೆಯಲ್ಲಿ ಅದರ ಕೋಡ್ ಎಂಎಸ್90. ಇನ್ಶೂರೆನ್ಸ್ ಕಂಪನಿಗಳು ಸ್ಪೀಡಿಂಗ್‌ನ ಎಸ್‌ಪಿ30ಗಿಂತ ಇದನ್ನು ಕಂಡರೆ ಜಾಸ್ತಿ ಹಿಂಜರಿಯುತ್ತವೆ. ಅಂದರೆ "ಗೊತ್ತಿಲ್ಲ" ಅಂತ ಬರೆದು ಕೂರುವುದು ಮೂಲ ತಪ್ಪಿಗಿಂತ ದೊಡ್ಡದಾಗುತ್ತದೆ.

ಭಾರತದಿಂದ ಬಂದವರು ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಬೇಕು. ನಮ್ಮ ಇಂಡಿಯನ್ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ಇಲ್ಲಿನ ಟೆಸ್ಟ್ ಪಾಸಾಗಬೇಕು. ಪಾಸಾದ ಮೊದಲ 2 ವರ್ಷದಲ್ಲಿ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದು. ಬೆಂಗಳೂರಿನಲ್ಲಿ ಹದಿನೈದು ವರ್ಷ ಓಡಿಸಿದ್ದರೂ ಅವರ ಲೆಕ್ಕದಲ್ಲಿ ನೀವು ಹೊಸಬರು. ನಮ್ಮ ಮನೆಯವರು ಟೆಸ್ಟ್ ಪಾಸಾಗಿ ಆಗ ಒಂದು ವರ್ಷವೂ ಆಗಿರಲಿಲ್ಲ.

ನನ್ನ ಕಡೆಯೂ ಒಂದು ತೊಡಕಿತ್ತು. 30 ಮೈಲಿಯ ರಸ್ತೆಯಲ್ಲಿ 42ರವರೆಗೆ ಸಿಕ್ಕಿದರೆ ಸಾಮಾನ್ಯವಾಗಿ ಪಾಯಿಂಟ್ ಬದಲು ಸ್ಪೀಡ್ ಅವೇರ್‌ನೆಸ್ ಕೋರ್ಸ್ ಕೊಡುತ್ತಾರೆ. ಆದರೆ 3 ವರ್ಷದಲ್ಲಿ ಒಂದೇ ಸಲ. ನಾನು ಎರಡು ವರ್ಷದ ಹಿಂದೆ ಒಮ್ಮೆ ಆ ಕೋರ್ಸ್ ಮಾಡಿದ್ದೆ. ಓಡಿಸಿದ್ದು ನಾನಾದರೆ ದಂಡ, ಪಾಯಿಂಟ್ ಎರಡೂ. ಅವರಾದರೆ ಒಂದು ಮಧ್ಯಾಹ್ನ ಕೂತು ಪಾಠ ಕೇಳಿದರೆ ಮುಗಿಯಿತು.

ವಿಷಯ ಕೇಳಿದ ಸ್ನೇಹಿತರೊಬ್ಬರು ತಕ್ಷಣ ಹೇಳಿದರು, "ಇದರಲ್ಲಿ ಯೋಚನೆ ಏನಿದೆ? ಅವರ ಹೆಸರು ಹಾಕಿ ಕಳ್ಸಿ. ಹೇಗೂ ನಿಮಗೆ ನೆನಪಿಲ್ಲ ಅಲ್ವಾ?" ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ರಾತ್ರಿ ನನಗೂ ಅದು ಸರಿ ಅನ್ನಿಸಿತು. ಬೆಳಿಗ್ಗೆ ಎದ್ದಾಗ ಅನ್ನಿಸಲಿಲ್ಲ. ನೆನಪಿಲ್ಲದಿರುವುದು ಬೇರೆ, ಲಾಭ ನೋಡಿ ಹೆಸರು ಆರಿಸುವುದು ಬೇರೆ.

ಕ್ರಿಸ್ ಹ್ಯೂನ್ ಅವರ ಪ್ರಕರಣ ಆಗ ನೆನಪಾಯಿತು. ಅವರು ಬ್ರಿಟನ್ನಿನ ಮಂತ್ರಿಯಾಗಿದ್ದವರು. 2003ರಲ್ಲಿ ಅವರ ಕಾರು ಎಂ11 ರಸ್ತೆಯ ಕ್ಯಾಮೆರಾಕ್ಕೆ ಸಿಕ್ಕಿತ್ತು. ಪಾಯಿಂಟನ್ನು ಹೆಂಡತಿ ವಿಕಿ ಪ್ರೈಸ್ ತಮ್ಮ ಮೇಲೆ ಹಾಕಿಕೊಂಡರು. ಹತ್ತು ವರ್ಷ ಆದ ಮೇಲೆ, 2013ರ ಮಾರ್ಚ್‌ನಲ್ಲಿ, ನ್ಯಾಯದ ದಾರಿ ತಪ್ಪಿಸಿದ ಅಪರಾಧಕ್ಕೆ ಇಬ್ಬರಿಗೂ ತಲಾ 8 ತಿಂಗಳ ಜೈಲು ಶಿಕ್ಷೆಯಾಯಿತು. ಮೂರು ಪಾಯಿಂಟಿನ ವಿಷಯ ಅದು.

ಹಾಗಾದರೆ ನಿಜವಾಗಿ ಯಾರು ಅಂತ ಕಂಡುಹಿಡಿಯೋಣ ಅಂತ ಇಬ್ಬರೂ ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿ ಕೂತೆವು.

ಮೊದಲು ಮಾಡಿದ ಕೆಲಸ, ಪೊಲೀಸರಿಗೆ ಬರೆದು ಫೋಟೋ ಕೇಳಿದ್ದು. "ಚಾಲಕರನ್ನು ಗುರುತಿಸಲು ಸಹಾಯವಾಗಲಿ ಅಂತ ಕೇಳುತ್ತಿದ್ದೇವೆ" ಅಂತ ಸ್ಪಷ್ಟವಾಗಿ ಬರೆದೆ. ಫೋಟೋ ಬರುವ ತನಕ 28 ದಿನದ ಗಡಿಯಾರ ನಿಲ್ಲುವುದಿಲ್ಲ, ಅದು ಗಮನದಲ್ಲಿರಲಿ. ಕೆಲವು ದಿನದಲ್ಲಿ ಎರಡು ಫೋಟೋ ಬಂದವು. ಎರಡೂ ಕಾರಿನ ಹಿಂಭಾಗದ್ದು. ನಂಬರ್ ಪ್ಲೇಟ್ ಸ್ಪಷ್ಟವಾಗಿದೆ. ಹಿಂದಿನ ಗಾಜಿಗೆ ಮಗಳ ಬಿಸಿಲಿನ ಪರದೆ ಇದೆ, ಅದರ ಮೇಲಿನ ಆನೆ ಚಿತ್ರ ಕೂಡ ಕಾಣುತ್ತದೆ. ಅದರಾಚೆ ಯಾರ ತಲೆಯೂ ಕಾಣುವುದಿಲ್ಲ. ಆದರೆ ಒಂದು ಉಪಯೋಗ ಆಯಿತು. ರಸ್ತೆಯ ಎಡಕ್ಕೆ ಹಳದಿ ಹೂವಿನ ಹೊಲದ ಅಂಚು ಕಾಣುತ್ತಿತ್ತು. ಜಾಗ ಯಾವುದು ಅಂತ ನಮಗೆ ಖಚಿತವಾಯಿತು. ಕಾಫಿ ಕುಡಿದ ಊರು ದಾಟಿ ಮುಂದೆ ಬಂದ ಮೇಲಿನ ಜಾಗ.

ಗೂಗಲ್ ಮ್ಯಾಪ್ಸ್ ಟೈಮ್‌ಲೈನ್ ತೆಗೆದೆವು. ಅದರ ಮೇಲೆ ತುಂಬಾ ಭರವಸೆ ಇಟ್ಟಿದ್ದೆ. ಆದರೆ ಇಬ್ಬರ ಫೋನೂ ಒಂದೇ ಕಾರಿನಲ್ಲಿತ್ತಲ್ಲ. ಕಾರು ಎಲ್ಲೆಲ್ಲಿ ನಿಂತಿತು ಅಂತ ಅದು ಹೇಳಿತು, ಸ್ಟೀರಿಂಗ್ ಹಿಂದೆ ಯಾರಿದ್ದರು ಅಂತ ಅಲ್ಲ. ಬ್ಯಾಂಕ್ ಆ್ಯಪಿನಲ್ಲಿ ಈವ್‌ಶಮ್‌ನ ಕೆಫೆಯ ಬಿಲ್ ಸಿಕ್ಕಿತು: ಮಧ್ಯಾಹ್ನ 2 ಗಂಟೆ 38 ನಿಮಿಷ, ಅವರ ಕಾರ್ಡಿನಲ್ಲಿ. ಅದನ್ನು ಹಾಳೆಯ ಮೇಲೆ ಬರೆದೆವು. 2.38ರಿಂದ 3.42ರ ನಡುವೆ ಏನಾಯಿತು ಅನ್ನುವುದಷ್ಟೇ ಈಗ ಉಳಿದ ಪ್ರಶ್ನೆ.

ಆಗ ಅವರಿಗೆ ಒಂದು ನೆನಪಾಯಿತು. "ವಾಪಸ್ ಬರುವಾಗ ಅಮ್ಮಂಗೆ ವಿಡಿಯೋ ಕಾಲ್ ಮಾಡಿದ್ದೆ." ಕಾಲ್ ಮಾಡಿದಾಗ ಅವರು ಓಡಿಸುತ್ತಿರಲಿಲ್ಲ ಅನ್ನುವುದು ಖಂಡಿತ. ಆದರೆ ಆ ಮಧ್ಯೆ ಅವರ ಫೋನ್ ಕೆಟ್ಟು ಹೊಸದು ತಗೊಂಡಿದ್ದರು, ಹಳೆಯ ಕಾಲ್ ಪಟ್ಟಿ ಅದರಲ್ಲಿ ಇರಲಿಲ್ಲ. ಶಿವಮೊಗ್ಗದಲ್ಲಿರುವ ಅತ್ತೆಗೆ ಫೋನ್ ಮಾಡಿ, ವಾಟ್ಸ್ಯಾಪ್ ತೆಗೆದು ಆ ಸೋಮವಾರದ ಕಾಲ್ ನೋಡಿ ಹೇಳಿ ಅಂದೆವು. ಅತ್ತೆ ಕನ್ನಡಕ ಹುಡುಕಿ, ಹಾಕಿಕೊಂಡು, ಓದಿದರು. "ರಾತ್ರಿ ಎಂಟು ಐದು. ಇಪ್ಪತ್ತೊಂದು ನಿಮಿಷ."

ನಾನು ಅಭ್ಯಾಸದಂತೆ ಐದೂವರೆ ಗಂಟೆ ಕಳೆದೆ. 2 ಗಂಟೆ 35 ನಿಮಿಷ ಬಂತು. ಹಾಗಾದರೆ ಕಾಲ್ ಮಾಡಿದ್ದು ಕೆಫೆಯಲ್ಲಿ ಕೂತಾಗ. 3.42ಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಹಾಳೆಯ ಮೇಲೆ ಗೀಟು ಹಾಕಿಬಿಟ್ಟೆ. ಅತ್ತೆ ಇನ್ನೂ ಲೈನಿನಲ್ಲಿದ್ದರು. "ಅದೇ ಕಣಮ್ಮ, ಅವ್ನು ಕಾರಿಂದ ಸಾಸಿವೆ ಹೊಲ ತೋರಿಸಿದ್ನಲ್ಲ, ಎಷ್ಟು ಚೆನ್ನಾಗಿತ್ತು, ಅವತ್ತೇ ತಾನೆ?" ಅಂದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. 2.38ಕ್ಕೆ ಕೌಂಟರಿನಲ್ಲಿ ಕಾರ್ಡ್ ಉಜ್ಜುತ್ತಿದ್ದವರು 2.35ಕ್ಕೆ ಓಡುವ ಕಾರಿನಿಂದ ಹೊಲ ತೋರಿಸುವುದು ಹೇಗೆ? ಆಗ ಹೊಳೆಯಿತು. ಮೇ ತಿಂಗಳು. ಬ್ರಿಟನ್ನಿನಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಆಗ ಭಾರತಕ್ಕೂ ನಮಗೂ ಇರುವ ವ್ಯತ್ಯಾಸ ನಾಲ್ಕೂವರೆ ಗಂಟೆ ಮಾತ್ರ. ಎಂಟು ಐದರಿಂದ ನಾಲ್ಕೂವರೆ ಕಳೆದರೆ 3 ಗಂಟೆ 35 ನಿಮಿಷ. ಅಲ್ಲಿಂದ 21 ನಿಮಿಷ ಅಂದರೆ 3.56ರವರೆಗೆ. 3.42 ಅದರ ಹೊಟ್ಟೆಯೊಳಗೇ ಇದೆ. ಅತ್ತೆ ಸಾಸಿವೆ ಅಂದುಕೊಂಡಿದ್ದು ಇಲ್ಲಿ ಎಣ್ಣೆಗಾಗಿ ಬೆಳೆಯುವ ರೇಪ್‌ಸೀಡ್, ಸಾಸಿವೆಯ ಜಾತಿಯದೇ ಬೆಳೆ. ಮೇ ತಿಂಗಳಲ್ಲಿ ಹೊಲವೆಲ್ಲ ಹಳದಿ. ಪೊಲೀಸರ ಫೋಟೋದ ಅಂಚಿನಲ್ಲಿದ್ದ ಹಳದಿ ಕೂಡ ಅದೇ ಬೆಳೆ.

ಅತ್ತೆಯನ್ನು ಮತ್ತೆ ಕೇಳಿದೆ, "ಅತ್ತೆ, ನಾನು ಆಗ ಮಾತಾಡಿದ್ನಾ?"

"ಆಡಿದೆಯಲ್ಲ. ಊಟ ಆಯ್ತಾ ಅತ್ತೆ ಅಂತ ಕೇಳಿದೆ. ಮುಖ ಕಾಣಲ್ವಲ್ಲೇ ಅಂದ್ರೆ, ರಸ್ತೆ ನೋಡ್ತಿದೀನಿ ಅಂದೆ."

ಅಷ್ಟು ಹೇಳಿದ ಮೇಲೆ ನನಗೆ ಎಲ್ಲ ಕಣ್ಣ ಮುಂದೆ ಬಂತು. ಮುಂದೆ ನಿಧಾನವಾಗಿ ಹೋಗುತ್ತಿದ್ದ ಕ್ಯಾರವಾನ್. ಅದು ಎಡಕ್ಕೆ ತಿರುಗಿದ್ದು. ರಸ್ತೆ ಖಾಲಿಯಾಯಿತು ಅಂತ ನಾನು ಆ್ಯಕ್ಸಿಲರೇಟರ್ ಒತ್ತಿದ್ದು. ಇಳಿಜಾರು. 30ರ ಬೋರ್ಡ್ ನೋಡಲೇ ಇಲ್ಲ. ಊರೊಳಗಿನ ರಸ್ತೆ ಅದು, ಪಕ್ಕದಲ್ಲೇ ಮನೆಗಳು, ಕಲ್ಲಿನ ಗೋಡೆ, ರಜೆಯ ದಿನ, ಹೊರಗೆ ಆಡುವ ಮಕ್ಕಳು. ನನಗೂ ಆ ವಯಸ್ಸಿನ ಮಗಳಿದ್ದಾಳೆ. ಇದನ್ನು ಬರೆಯುವಾಗಲೂ ಎದೆ ಭಾರವಾಗುತ್ತದೆ.

ಫಾರಂನಲ್ಲಿ ನನ್ನ ಹೆಸರು, ಲೈಸೆನ್ಸ್ ನಂಬರ್ ಬರೆದು ಸಹಿ ಹಾಕಿ, ಪೋಸ್ಟ್ ಆಫೀಸಿನಲ್ಲಿ ಕಳಿಸಿದ್ದಕ್ಕೆ ರಸೀದಿ ತಗೊಂಡೆ. ಪೂರ್ತಿ ಪ್ರತಿಯ ಫೋಟೋ ಇಟ್ಟುಕೊಂಡೆ. ಕೋರ್ಸ್ ಸಿಗಲಿಲ್ಲ, ಸಿಗುವುದಿಲ್ಲ ಅಂತ ಗೊತ್ತೇ ಇತ್ತು. 100 ಪೌಂಡ್ ಕಟ್ಟಿದೆ, 3 ಪಾಯಿಂಟ್ ಬಿತ್ತು. ಇನ್ಶೂರೆನ್ಸ್ ನವೀಕರಿಸುವಾಗ ಅದನ್ನು ಹೇಳಿದೆ, ಪ್ರೀಮಿಯಂ ಸ್ವಲ್ಪ ಏರಿತು.

ಅತ್ತೆಯ ಕಾಲ್ ಇಲ್ಲದಿದ್ದರೆ ಏನಾಗುತ್ತಿತ್ತು? ಇದನ್ನು ಪರಿಚಯದ ವಕೀಲರೊಬ್ಬರನ್ನು ಕೇಳಿದ್ದೆ. ಸೆಕ್ಷನ್ 172ರಲ್ಲೇ ಒಂದು ರಕ್ಷಣೆ ಇದೆ. ಚಾಲಕರು ಯಾರು ಅಂತ ಕೀಪರ್‌ಗೆ ಗೊತ್ತಿರಲಿಲ್ಲ, ತಕ್ಕಷ್ಟು ಪ್ರಯತ್ನ ಪಟ್ಟರೂ ತಿಳಿಯಲು ಸಾಧ್ಯವಿರಲಿಲ್ಲ ಅಂತ ಅವರು ತೋರಿಸಿದರೆ ಅಪರಾಧ ಆಗುವುದಿಲ್ಲ. ಆದರೆ ತೋರಿಸುವ ಹೊಣೆ ನಮ್ಮದೇ, ಅದೂ ಕೋರ್ಟಿನಲ್ಲಿ ನಿಂತು. ಹಾಗಾಗಿ ವಕೀಲರು ಹೇಳಿದ್ದು ಇಷ್ಟು: ನೋಟಿಸ್ ಖಾಲಿ ಬಿಡಬೇಡಿ, ಸುಮ್ನೆ ಇರಬೇಡಿ. ಓಡಿಸಿರಬಹುದಾದ ಇಬ್ಬರ ಹೆಸರು, ವಿಳಾಸ ಕೊಡಿ. ಏನೇನು ಹುಡುಕಿದಿರಿ, ಯಾವ ದಿನ ಹುಡುಕಿದಿರಿ, ಏನು ಸಿಕ್ಕಿತು, ಏನು ಸಿಗಲಿಲ್ಲ, ಎಲ್ಲವನ್ನೂ ಬರೆದು 28 ದಿನದೊಳಗೆ ಕಳಿಸಿ. ಆಮೇಲೂ ಕೇಸ್ ಹಾಕಿದರೆ ಆ ಕಾಗದವೇ ನಿಮ್ಮ ಸಾಕ್ಷಿ. ಅಂಥ ಪರಿಸ್ಥಿತಿ ಬಂದರೆ ಇಂಥ ಕೇಸ್ ನೋಡುವ ವಕೀಲರನ್ನು ಬೇಗ ಕಾಣಿ, ಕೊನೆಯ ವಾರದ ತನಕ ಕಾಯಬೇಡಿ.

ನಮ್ಮ ಹಾಳೆ ಈಗಲೂ ಫೈಲಿನಲ್ಲಿದೆ. ಕಾಫಿ ಲೋಟದ ಗುಂಡಗಿನ ಕಲೆ ಬಿದ್ದಿದೆ, 2.35ರ ಮೇಲೆ ಗೀಟು, ಪಕ್ಕದಲ್ಲಿ 3.35. ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್ ಇಟ್ಟಿದ್ದೇವೆ. ದೂರದ ದಾರಿಯಲ್ಲಿ ಸೀಟು ಬದಲಾಯಿಸಿದಾಗಲೆಲ್ಲ ಇಳಿದವರು ಹೊತ್ತು ಬರೆಯುತ್ತಾರೆ. ಕಳೆದ ವಾರ ಬ್ರಿಸ್ಟಲ್‌ನಿಂದ ಬರುವಾಗ ಮಗಳೇ ಹಿಂದಿನಿಂದ ಕೇಳಿದಳು, "ಅಮ್ಮಾ, ಬುಕ್ಕಲ್ಲಿ ಬರೆದ್ಯಾ?"