ಗೂಗಲ್ ಇಲ್ಲದೆ ಕ್ಯಾಂಪ್ ಹುಡುಕಿದ್ದು

ಗಂಗಾವತಿಯಲ್ಲಿ ನನ್ನದು ಮೋಟಾರ್ ರಿಪೇರಿ ಕೆಲಸ. ರೈಸ್ ಮಿಲ್ ಇರಲಿ, ಹೊಲದ ಪಂಪ್‌ಸೆಟ್ ಇರಲಿ, ಸುಟ್ಟಿತು ಅಂದರೆ ಬೈಕ್ ಹತ್ತಬೇಕು. ಸುಟ್ಟ ಕಾಯಿಲ್‌ನ ಫೋಟೊ, ವೈಂಡಿಂಗ್ ಲೆಕ್ಕ, ಮಗಳ ಹುಟ್ಟುಹಬ್ಬ ಎಲ್ಲಾ ಸೇರಿ ಗೂಗಲ್ ಕೊಡುವ 15 ಜಿಬಿ ತುಂಬಿತು. ಮೇಲ್, ಡ್ರೈವ್, ಫೋಟೊ ಮೂರಕ್ಕೂ ಪುಕ್ಕಟೆ ಜಾಗ ಅಷ್ಟೇ. ದುಡ್ಡು ಕಟ್ಟಿದರೆ ಮುಗೀತಿತ್ತು. ಆದರೆ ನನ್ನ ಕಾಗದ, ಫೋಟೊ, ದಾರಿ ಎಲ್ಲಾ ಒಬ್ಬರ ಕೈಯಲ್ಲೇ ಯಾಕಿರಬೇಕು ಅನ್ನಿಸಿತು.

ಹುಡುಕಾಟಕ್ಕೆ ಡಕ್‌ಡಕ್‌ಗೋ, ಬ್ರೌಸರ್‌ಗೆ ಫೈರ್‌ಫಾಕ್ಸ್. ಇದು ಒಂದು ಸಂಜೆಯ ಕೆಲಸ. ಮೇಲ್‌ಗೆ ಪ್ರೋಟಾನ್ ತೆರೆದೆ. ಹಳೆಯ ವಿಳಾಸವನ್ನು ತಕ್ಷಣ ಅಳಿಸಬೇಡಿ. ಅಲ್ಲಿಗೆ ಬಂದದ್ದು ಇಲ್ಲಿಗೆ ಬರುವ ಹಾಗೆ ಫಾರ್ವರ್ಡ್ ಹಾಕಿ, ಬ್ಯಾಂಕು, ವಿಮೆ ಅಂತ ಒಂದೊಂದೇ ಕಡೆ ವಿಳಾಸ ಬದಲಿಸುತ್ತಾ ಬನ್ನಿ.

ಫೋಟೊದಲ್ಲಿ ಎಡವಿದೆ. ಗೂಗಲ್‌ನದೇ ಟೇಕ್‌ಔಟ್ ಎಂಬ ಕಡೆಯಿಂದ ಎಲ್ಲವನ್ನೂ ಜಿಪ್ ಮಾಡಿ ಇಳಿಸಿಕೊಳ್ಳಬಹುದು. ಪ್ರತಿ ಫೋಟೊದ ಜೊತೆ ತಾರೀಖು ಬರೆದ ಒಂದು ಪುಟ್ಟ ಜೇಸನ್ ಫೈಲ್ ಬರುತ್ತದೆ. ನಾನು ಅದನ್ನು ಕಸ ಅಂದುಕೊಂಡು ಸುಮ್ನೆ ಅಳಿಸಿದೆ. ಕ್ಯಾಮೆರಾದಲ್ಲಿ ತೆಗೆದವು ಸರಿ ಇದ್ದವು, ಅವುಗಳ ಒಳಗೇ ತಾರೀಖು ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದವಕ್ಕೆ ಅದಿಲ್ಲ. ತಂಗಿಯ ಮದುವೆ, ಮಗಳ ನಾಮಕರಣ ಎಲ್ಲಾ ಒಂದೇ ದಿನ ನಡೆದಂತೆ ಕೂತವು! ಹೆಂಡತಿ ಪಕ್ಕದಲ್ಲಿ ಕೂತು ಸೀರೆ ನೋಡಿ ವರ್ಷ ಹೇಳಿದಳು, ನಾನು ಫೋಲ್ಡರ್ ಮಾಡಿದೆ.

ನಿಜವಾದ ಪರೀಕ್ಷೆ ಮ್ಯಾಪ್‌ನದು. ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಂಡೆ. ನಮ್ಮ ಭಾಗದ ನಕ್ಷೆ ಒಮ್ಮೆ ಇಳಿಸಿದರೆ ನೆಟ್ ಬೇಡ, ಗದ್ದೆ ನಡುವೆ ಸಿಗ್ನಲ್ ಹೋದರೂ ನಡೆಯುತ್ತದೆ. ಅದರ ನಕ್ಷೆ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನದು, ಜನರೇ ಬರೆದದ್ದು. ಹಾಗಾಗಿ ಯಾರೂ ಬರೆಯದ ಕಡೆ ಖಾಲಿ. ತುಂಗಭದ್ರಾ ಎಡದಂಡೆ ಕಾಲುವೆ ಇತ್ತು. ನಾನು ಹೋಗಬೇಕಾದ ಕ್ಯಾಂಪ್, ಅಂದರೆ ಕಾಲುವೆ ನೀರಿಗೆ ಬಂದು ನೆಲೆಸಿದ ರೈತರ ಪುಟ್ಟ ಊರು, ಇರಲಿಲ್ಲ. ಫೋನ್ ಮಾಡಿದರೆ ಆ ರೈತ, "ಮ್ಯಾಪ್ ಗೀಪ್ ಬ್ಯಾಡಣ್ಣಾ, ತೂಬು ದಾಟಿ ಬೇವಿನ ಗಿಡದ ಹಂತ್ಯಾಕ ಎಡಕ್ಕ ಬಾ" ಅಂದ.

ಆ ರಾತ್ರಿಯೇ ಕಂಪ್ಯೂಟರಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಖಾತೆ ತೆರೆದು, ಉಪಗ್ರಹ ಚಿತ್ರದ ಮೇಲೆ ಕಾಲುವೆ ಪಕ್ಕದ ಮಣ್ಣು ದಾರಿ ಎಳೆದೆ. ಹೆಸರನ್ನು ಕನ್ನಡದಲ್ಲೂ ಬರೆಯಬಹುದು. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವ ಹಾಗಿಲ್ಲ, ಅದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ನನಗೇನು, ದಿನಾ ತಿರುಗುವ ದಾರಿ. ಈಗ ರಿಪೇರಿಗೆ ಹೋದಲ್ಲೆಲ್ಲ ಒಂದು ಗುರುತು ಹಾಕಿ ಬರುತ್ತೇನೆ.

ಪೂರ್ತಿ ಬಿಟ್ಟೆ ಅಂದರೆ ಸುಳ್ಳು. ಫೋನೇ ಗೂಗಲ್‌ನ ಆಂಡ್ರಾಯ್ಡ್, ಅಲ್ವಾ? ಅದನ್ನು ತೆಗೆದು ಬೇರೆ ಸಿಸ್ಟಮ್ ಹಾಕಿದರೆ ಎಷ್ಟೋ ಬ್ಯಾಂಕ್ ಆ್ಯಪ್ ಮುನಿಸಿಕೊಳ್ಳುತ್ತವೆ. ನನ್ನ ಗಿರಾಕಿಗಳು ಜಾಸ್ತಿ ಯುಪಿಐನಲ್ಲೇ ಕೊಡುವವರು, ಆ ಸಾಹಸಕ್ಕೆ ಹೋಗಲಿಲ್ಲ. ಪ್ಲೇ ಸ್ಟೋರ್ ಉಳಿಯಿತು. ಅಪ್ಪನ ಫೋನಿನ ಕೀಬೋರ್ಡ್ ಬದಲಿಸಿ ಬೈಸಿಕೊಂಡೆ: "ಮೊದ್ಲ ಮಾತಾಡಿದ್ರ ತಾನ ಬರೀತಿತ್ತು, ಈಗ್ಯಾಕ ಮೂಕ ಆಗೇತಿ?" ಕನ್ನಡ ಮಾತು ಕೇಳಿ ಬರೆಯುವುದರಲ್ಲಿ ಗೂಗಲ್‌ನಷ್ಟು ಚೆನ್ನಾಗಿರುವುದು ನನಗೆ ಸಿಗಲಿಲ್ಲ. ಅದೇ ದಿನ ವಾಪಸ್ ಹಾಕಿಕೊಟ್ಟೆ.

ಅಂದ ಹಾಗೆ, ಆ ನಕ್ಷೆಯಲ್ಲಿ ಒಂಟಿ ಮರಕ್ಕೂ ಬೇರೆ ಗುರುತು ಇದೆ. ತೂಬಿನ ಪಕ್ಕದ ಬೇವಿನ ಗಿಡ ಈಗ ಅಲ್ಲಿದೆ.