ಜೊಳ್ಳು ಮೆಣಸು ಹಾಕಿ ಕಡಲ ಪಾಠ

ಸೋಮವಾರಪೇಟೆ ಕಡೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ಪಾಠ ಹೇಳುವ ಮೇಷ್ಟ್ರು. ಅಲೆ ದಡ ಕೊರೆಯುತ್ತದೆ ಎಂದರೆ ಮಕ್ಕಳು ತಲೆಯಾಡಿಸುತ್ತಾರೆ, ಹಾರಂಗಿ ಹಿನ್ನೀರು ನೋಡಿದವರು ತಾನೇ. ಮರಳು ದಡದ ಉದ್ದಕ್ಕೂ ಸಾಗುತ್ತದೆ ಎಂದರೆ ಮಾತ್ರ ನಂಬುವುದಿಲ್ಲ. ಅದಕ್ಕೇ ಶಾಲೆಯ ಜಗಲಿಯಲ್ಲಿ ಒಂದು ಪುಟ್ಟ ಕಡಲು ಮಾಡಿದೆ.

ಅಗಲವಾದ ತಗಡಿನ ತೊಟ್ಟಿ, ಜರಡಿ ಹಿಡಿದ ನುಣ್ಣನೆ ಮರಳು, ಅಲೆ ಎಬ್ಬಿಸಲು ಒಂದು ಹಲಗೆ. ಮರಳನ್ನು ಇಳಿಜಾರಾಗಿ ಹರಡಿದೆ, ಆದರೆ ಹಲಗೆಗೆ ಓರೆಯಾಗಿ. ಅಲೆ ನೇರವಾಗಿ ಬಂದರೆ ಮರಳು ಸುಮ್ನೆ ಮೇಲೆ ಕೆಳಗೆ ಆಡುತ್ತದೆ ಅಷ್ಟೇ. ಅಲೆ ಗೋಡೆಗೆ ಬಡಿದು ವಾಪಸ್ ಬರದ ಹಾಗೆ ಅಂಚಿಗೆ ತೆಂಗಿನ ನಾರು ತುರುಕಿದೆ.

ನೀರಿನ ಹರಿವು ಕಾಣಬೇಕಲ್ಲ? ಜೊಳ್ಳು ಕಾಳುಮೆಣಸು ಚೆಲ್ಲಿದೆವು. ನಮ್ಮಲ್ಲಿ ಅದಕ್ಕೇನು ಬರ! ಹಲಗೆ ಆಡಿಸಿದಾಗ ಆಳದ ಕಡೆಯ ಕಾಳುಗಳು ಹೆಚ್ಚುಕಡಿಮೆ ಇದ್ದಲ್ಲೇ ಕುಣಿದವು. ಅಲೆ ಮುರಿಯುವ ಗೆರೆ ದಾಟಿ ಒಳಗೆ ಬಂದ ಕಾಳುಗಳು ದಡ ಹಿಡಿದು ಒಂದೇ ದಿಕ್ಕಿಗೆ ಹೊರಟವು. ಓರೆ ಅಲೆಯ ತಳ್ಳುವಿಕೆಯಲ್ಲಿ ದಡದ ಉದ್ದಕ್ಕೂ ಒಂದು ಪಾಲು ಇರುತ್ತದೆ. ಅಲೆ ಮುರಿದಾಗ ಆ ಪಾಲು ಅಲ್ಲಿನ ನೀರಿಗೆ ಸಿಗುತ್ತದೆ. ಕಡಲಲ್ಲಿ ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಮುರಿಯುತ್ತದೆ. ಈ ಹರಿವಿನ ಲೆಕ್ಕವನ್ನು 1970ರಲ್ಲಿ ಲಾಂಗೆಟ್-ಹಿಗಿನ್ಸ್ ಎಂಬ ಬ್ರಿಟಿಷ್ ಗಣಿತಜ್ಞರು ಬಿಡಿಸಿಟ್ಟರು. ನಮಗೆ ಮೆಣಸೇ ಸಾಕಾಯಿತು.

ಮರಳಿನ ದಾರಿಗೆ ಇಟ್ಟಿಗೆ ಪುಡಿ ಉದುರಿಸಿದೆ. ಕೆಂಪು ಕಣ ಅಲೆಯ ಜೊತೆ ಓರೆಯಾಗಿ ದಡ ಹತ್ತುತ್ತದೆ, ಇಳಿಯುವಾಗ ನೇರ ಇಳಿಜಾರು ಹಿಡಿಯುತ್ತದೆ, ಮತ್ತೆ ಓರೆಯಾಗಿ ಹತ್ತುತ್ತದೆ. ಗರಗಸದ ಹಲ್ಲಿನ ಹಾಗೆ.

ಆಮೇಲೆ ದಡಕ್ಕೆ ಅಡ್ಡಲಾಗಿ ಒಂದು ಹೆಂಚಿನ ತುಂಡು ನೆಟ್ಟೆ. ಮರಳು ಬರುವ ಕಡೆ ಗುಡ್ಡೆಯಾಯಿತು, ಆಚೆ ಕಡೆ ದಡ ಕುಸಿಯಿತು. ಪುದುಚೇರಿಯಲ್ಲಿ ಬಂದರಿಗೆ ಅಡ್ಡಗೋಡೆ ಕಟ್ಟಿದ ಮೇಲೆ ಉತ್ತರದ ಮರಳು ದಂಡೆ ಹೋಗಿದ್ದು ಹೀಗೇ. “ಸಾರ್, ಕುಸಿದ ಕಡೆ ಇನ್ನೊಂದು ಹೆಂಚು ಇಡೋಣ” ಎಂದಳು ಒಬ್ಬಳು. ಇಟ್ಟೆವು. ಕುಸಿತ ಅದರಾಚೆಗೆ ಹೋಯಿತು.

ಕೊನೆಗೆ ಗುಡ್ಡೆಯಾದ ಮರಳನ್ನು ಚಮಚದಲ್ಲಿ ತೆಗೆದು ಆಚೆ ಸುರಿಯಲು ಹೇಳಿದೆ. ದಡ ನಿಂತಿತು. ಆದರೆ ಅಲೆ ಇರುವಷ್ಟು ಹೊತ್ತೂ ಚಮಚ ಹಿಡಿದವನು ಕೈ ಬಿಡುವ ಹಾಗಿಲ್ಲ. ಆಸ್ಟ್ರೇಲಿಯಾದ ಟ್ವೀಡ್ ನದಿಯ ಅಳಿವೆಯಲ್ಲಿ 2001ರಿಂದ ಇದೇ ಕೆಲಸವನ್ನು ಪಂಪು ಮಾಡುತ್ತಿದೆ.